ಒಂದು ‘ರಿ’ ಕಡಿಮೆ ಬಿದ್ದ ಸಂಜೆ

೧
ಚೆಂಡಿನಿಂದ ಶುರು ಮಾಡಲೋ, ಮೊಸಳೆಯಿಂದಲೋ? ಮೊಸಳೆಯಿಂದ ಶುರು ಮಾಡಿದರೆ ನೀವು ಕೊನೆಯವರೆಗೂ ಓದುತ್ತೀರಿ. ಆದರೆ ಮಾಣಿಕಬಾಯಿ ಒಪ್ಪುವುದಿಲ್ಲ. ಆಕೆಯ ಅಳಿಯ ಈಗ ನೀರಿನಲ್ಲಿದ್ದಾನೆ. ಹಾಗಾಗಿ ಚೆಂಡು.

೨
ಸಾಂಗಲಿಯ ಹೊರಗೆ, ಕಸಬೆ ಡಿಗ್ರಜದ ದಿಕ್ಕಿಗೆ, ಕೃಷ್ಣಾ ನದಿ ದಂಡೆಯನ್ನು ಕೊರೆದು ಒಳಗೆ ಬಂದು ಸುಮ್ಮನೆ ನಿಂತ ಜಾಗವೊಂದಿದೆ. ಪಕ್ಕದಲ್ಲೇ ಕ್ರಿಕೆಟ್ ಮೈದಾನ. ಸಿಕ್ಸರ್ ಹೊಡೆದರೆ ಚೆಂಡು ನೀರಿಗೇ. ಜನ ಇದನ್ನು ‘ಖಾಡಿ’, ಅಂದರೆ ಕೊಲ್ಲಿ, ಎನ್ನುತ್ತಾರೆ. ಸಮುದ್ರ ಇಲ್ಲಿಂದ ಬಹಳ ದೂರ, ಆದರೆ ಹೆಸರಿಡುವುದಕ್ಕೆ ಖರ್ಚಿಲ್ಲವಲ್ಲ. ಭೇಳಪುರಿಯ ಗಾಡಿ, ಚಹಾದ ಗಾಡಿ, ಕೆಂಪು ಹೃದಯ ನಿಲ್ಲಿಸಿದ ಸೆಲ್ಫಿ ಪಾಯಿಂಟ್. (ಮಿರಜದ ತಂಬೂರಿ ಅಂಗಡಿಗಳ ಬಗ್ಗೆ ಒಂದು ಪುಟ ಬರೆದಿದ್ದೆ. ಹರಿದೆ. ಮನುಷ್ಯ ನೀರಿನಲ್ಲಿರುವಾಗ ತಂಬೂರಿ ಶ್ರುತಿ ಮಾಡುವ ಲೇಖಕ ನಾನಲ್ಲ. ಅಂದರೆ, ಹಾಗೆ ಕಾಣಿಸಿಕೊಳ್ಳಬಾರದು.)

ಟ್ರ್ಯಾಕ್ಟರ್ ಟ್ಯೂಬಿನ ಮೇಲೆ ತೇಲುತ್ತ ಸಿಕ್ಸರಿಗಾಗಿ ಕಾಯುವುದು ಇಲ್ಲಿನ ಎರಡನೆಯ ಆಟ. ಆಚೆ ದಂಡೆಯಲ್ಲಿ ಮೊಸಳೆ ಬಿಸಿಲಿಗೆ ಮೈ ಕಾಯಿಸಿಕೊಳ್ಳುತ್ತಿತ್ತೆಂದು ಸುದ್ದಿಯಾದ ಮೇಲೆ ಟ್ಯೂಬು ಖಾಲಿ.

೩
ಕಿಶೋರ ಸಾಂಗಲಿಯೊಳಗಿನ ವಿಶ್ರಾಮಬಾಗ ಬಡಾವಣೆಯ ಮರಾಠಿ ಹುಡುಗ, ಮಾಣಿಕಬಾಯಿಯ ಮಗಳು ಹರ್ಷದಾಳ ಹೊಸ ಗಂಡ. ಕನ್ನಡ ಬಾರದು. ಅತ್ತೆಯ ಮನೆಯವರು ಅವನೊಡನೆ ಮರಾಠಿಯಲ್ಲಿ ಮಾತಾಡುತ್ತಾರೆ, ಅವನ ಬಗ್ಗೆ ಕನ್ನಡದಲ್ಲಿ.

ಹರ್ಷದಾಳ ತಮ್ಮ ಸಂಮೇದ ಹೊಡೆದ ಚೆಂಡು ಖಾಡಿಗೆ ಬಿತ್ತು. ಯಾರೂ ಇಳಿಯಲಿಲ್ಲ. “ವಿಶ್ರಾಮಬಾಗದವ್ರು ಸ್ವಿಮಿಂಗ್ ಟ್ಯಾಂಕಿನ್ಯಾಗ ಅಷ್ಟ ಈಜತಾರ ಏನ, ಅಕ್ಕಾ?” ಎಂದು ಸಂಮೇದ ಅಕ್ಕನನ್ನು ಕೇಳಿದ. ಕಿಶೋರನಿಗೆ ತಿಳಿದದ್ದು ಎರಡೇ: ವಿಶ್ರಾಮಬಾಗ, ಸ್ವಿಮಿಂಗ್ ಟ್ಯಾಂಕ್. ಅವಮಾನಕ್ಕೆ ಅಷ್ಟು ಸಾಕು. ಪ್ಯಾಂಟು ಮಡಚಿ ಟ್ಯೂಬು ಹತ್ತಿದ.

೪
ಅವನು ಚೆಂಡಿನ ಹತ್ತಿರ ಬರುತ್ತಿರುವಾಗ, ಅದರಾಚೆ ಕಪ್ಪಗೆ, ಉದ್ದಕ್ಕೆ ಏನೋ ತೇಲುತ್ತಿರುವುದು ದಂಡೆಯ ಮೆಟ್ಟಿಲ ಮೇಲಿದ್ದ ಮಾಣಿಕಬಾಯಿಗೆ ಕಂಡಿತು. ಕೂಗಿದಳು: “ಆತು, ಆತು.”

ನಮ್ಮ ಕನ್ನಡದಲ್ಲಿ ‘ಆತು’ ಅಂದರೆ ‘ಸಾಕು, ಮುಗಿಯಿತು, ಬಿಡು’. ಮರಾಠಿಯಲ್ಲಿ ‘ಆತ್’ ಅಂದರೆ ಒಳಗೆ.

ಕಿಶೋರ ವಿಧೇಯ ಅಳಿಯ. ಒಳಗೆ ಹೋದ. ಆಕೆ ಇನ್ನೂ ಜೋರಾಗಿ ಕೂಗಿದಳು. ಅವನು ಇನ್ನೂ ಒಳಗೆ.

೫
ಈಗ ಮಾಣಿಕಬಾಯಿ ನನ್ನ ಮೇಜಿನ ಎದುರಿಗೆ ಬಂದು ಕೂತಿದ್ದಾಳೆ.

“ಅಳಿಯಗ ನಾ ರಿ ಹಚ್ಚದ ಎಂದೂ ಮಾತಾಡಿಲ್ಲರಿ. ಆತ್ರಿ ಅಂದಿರ್ತೇನಿ. ತಿದ್ದರಿ.”

‘ಆತ್ರಿ’ ಅಂದಿದ್ದರೆ ಅವನು ಇದು ಕನ್ನಡವೆಂದು ತಿಳಿದು ತಿರುಗಿ ನೋಡುತ್ತಿದ್ದ. ಕಥೆ ನಿಂತಿರುವುದೇ ಆ ಒಂದು ‘ರಿ’ಯ ಕೊರತೆಯ ಮೇಲೆ. ಅಂಜಿಕೆಯಾದಾಗ ಮೊದಲು ಉದುರುವುದು ಮರ್ಯಾದೆಯ ಅಕ್ಷರವೇ ಎಂದು ವಿವರಿಸಿದೆ.

“ನಿಮ್ಮ ಕತಿ ಚಂದ ಆಗ್ಲಿ ಅಂತ ನನ್ನ ಬಾಯಾಗಿನ ರಿ ಕಿತ್ತೀರಿ. ನಾಳಿಗಿ ಮಗಳ ಮಾರಿ ನಾ ಹ್ಯಾಂಗ ನೋಡ್ಲಿ?”

ಉತ್ತರ ಹೊಳೆಯಲಿಲ್ಲ. (ಶ್ಲೇಷೆ ಬೇಕಂತಲೇ ಮಾಡಿದ್ದಲ್ಲ. ಗಾಬರಿಯಲ್ಲಿ ಇಂಥವು ತಾವಾಗಿ ಬರುತ್ತವೆ.)

೬
ಅಂತ್ಯಗಳು, ಡ್ರಾಫ್ಟ್ ರೂಪದಲ್ಲಿ.

ಅ) ಅದು ಜಾಲಿ ಮರದ ದಿಮ್ಮಿ. ಎಲ್ಲರೂ ನಗುತ್ತಾರೆ, ಭೇಳ ತಿನ್ನುತ್ತಾರೆ. ಇಷ್ಟು ಹೆದರಿಸಿ ದಿಮ್ಮಿ ಕೊಟ್ಟರೆ ನೀವು ನನ್ನನ್ನು ಬಿಡುತ್ತೀರಾ?

ಆ) ಅದು ದಿಮ್ಮಿಯಲ್ಲ. ಇಷ್ಟು ಬರೆಯುವಷ್ಟರಲ್ಲಿ ಹರ್ಷದಾ ಹಾಳೆಯ ಮೇಲೆ ಕೈಯಿಟ್ಟಳು. “ನಕಾ ಕಾಕಾ,” ಅಂದಳು. ಬೇಡವೆಂದು ಹೇಳಲೂ ಆ ಹುಡುಗಿಗೆ ಈಗ ಮರಾಠಿಯೇ ಬರುವುದು. ಕೈ ತಣ್ಣಗಿತ್ತು. ಬರೆಯಲಿಲ್ಲ.

ಇ) ಮಾಣಿಕಬಾಯಿ ಮರಾಠಿಯಲ್ಲೇ ಕೂಗುತ್ತಾಳೆ. ಬಜಾರಿನಲ್ಲಿ ಮರಾಠಿಯಲ್ಲಿ ಜಗಳವಾಡಿ ಗೆದ್ದು ಬರುವ ಹೆಂಗಸು ಆಕೆ. ಆದರೆ ಈಗ ನಾಲಿಗೆಯ ಮೇಲೆ ಒಂದೂ ಮರಾಠಿ ಪದ ನಿಲ್ಲಲೊಲ್ಲದು. “ಬರ್ರಿ” ಅಂದಳು, ಈ ಸಲ ರಿ ಸಮೇತ. ಅವನಿಗೆ ಕೇಳಿಸಿದ್ದು ಮರಾಠಿಯ ‘ಬರಂ’: ಸರಿ. ಅತ್ತೆ ಸರಿ ಅಂದಮೇಲೆ ಇನ್ನೇನು, ಮತ್ತೂ ಒಳಗೆ.

(ರಿ ಇದ್ದಿದ್ದರೆ ತಿಳಿಯುತ್ತಿತ್ತೆಂಬ ನನ್ನ ಸಿದ್ಧಾಂತ ಇಲ್ಲಿಗೆ ಮುಳುಗಿತು. ಮಾಣಿಕಬಾಯಿಗೆ ಆರೋಪದಿಂದ ಬಿಡುಗಡೆ. ನನಗೆ ಶೀರ್ಷಿಕೆ ನಷ್ಟ.)

೭
ಹೊತ್ತು ಮುಳುಗಲು ಬಂದಿದೆ. ಕತ್ತಲಾದ ಮೇಲೆ ಮಾಣಿಕಬಾಯಿಯಂಥ ಜೈನರ ಮನೆಯಲ್ಲಿ ಊಟವಿಲ್ಲ, ಚಹಾವೂ ಇಲ್ಲ. ಹಾಗಾಗಿ ದಿನಾ ಈ ಹೊತ್ತಿಗೆ ಮಾಣಿಕಬಾಯಿ ಹೊಲದಲ್ಲಿದ್ದವರನ್ನೂ ಅಟ್ಟದಲ್ಲಿದ್ದವರನ್ನೂ ಕೂಗಿ ಕರೆಯುತ್ತಾಳೆ. ಇವತ್ತೂ ಬಾಯಿ ತಾನಾಗಿ ತೆರೆಯಿತು.

“ಕಿಶೋರರಾವ, ಚಹಾ.”

ಎರಡೂ ಭಾಷೆಯಲ್ಲಿ ಅದೇ ಪದ. ಟ್ಯೂಬು ತಿರುಗಿತು. ಈಗ ಅವನ ಮುಖ ದಂಡೆಯ ಕಡೆ, ಬೆನ್ನು ಆ ಕಪ್ಪು ಉದ್ದದ ಕಡೆ. ಅದನ್ನು ನೋಡುತ್ತಿರುವವರು ನಾವು ಮಾತ್ರ.

೮
ಚಹಾದ ಗಾಡಿಯ ದಾದಾಸಾಬ ಏನೂ ಕೇಳದೆ ಲೋಟ ತುಂಬಿ ಆಕೆಯ ಕೈಗಿಟ್ಟಿದ್ದಾನೆ. ಆವಿ ಏಳುತ್ತಿದೆ. ಮುಂದಿನ ವಾಕ್ಯ ನಾನು ಬರೆಯದಿದ್ದರೆ ಚಹಾ ಆರುವುದಿಲ್ಲ, ಹೊತ್ತೂ ಮುಳುಗುವುದಿಲ್ಲ. ನನ್ನಿಂದಾಗುವ ಉಪಕಾರ ಇಷ್ಟೇ. ಆದರೂ ಚಟ ನೋಡಿ: ಕೊನೆಗೊಂದು ಪದ ಬೇಕಲ್ಲ ಎಂದು ಪೆನ್ನು ಎತ್ತಿದೆ.

ಮಾಣಿಕಬಾಯಿ ನೀರಿನಿಂದ ಕಣ್ಣು ಕೀಳದೆ ಅಂದಳು:

“ಕಡೀಕ ಏನರ ಬರೀರಿ. ಆತು ಅಂತ ಬರೀಬ್ಯಾಡ್ರಿ.”