ಮಲಗಿದಾಗ ಒಮ್ಮೆ, ನಿಂತಾಗ ಒಮ್ಮೆ

ನಾನು ರಕ್ತದೊತ್ತಡ ಅಳೆಯುವ ಪೆಟ್ಟಿಗೆ. ಜನ ನನ್ನನ್ನು ಬಿ.ಪಿ. ಮಷಿನ್ ಎನ್ನುತ್ತಾರೆ. ಕಾರ್ಖಾನೆಯಲ್ಲಿ ನನ್ನ ಗಾಜಿನ ಕೊಳವೆಗೆ ಪಾದರಸ ತುಂಬಿ, ತೋಳಿಗೆ ಸುತ್ತುವ ಬಟ್ಟೆಯ ಪಟ್ಟಿ ಜೋಡಿಸಿ ಮುಚ್ಚಳ ಹಾಕಿದರು. ಅದು ಮತ್ತೆ ತೆರೆದಾಗ ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿದ್ದೆ. ಅಲ್ಲಿ ಬೆವರಿದ ತೋಳುಗಳು, ಬಳೆಗಳ ಸದ್ದು. ಕೆಲವು ವರ್ಷಗಳ ಮೇಲೆ ಅಲ್ಲಿಗೆ ಹೊಸ ಪೆಟ್ಟಿಗೆ ಬಂತು, ನನ್ನನ್ನು ಮನೋರೋಗ ವಿಭಾಗಕ್ಕೆ ಕಳಿಸಿದರು.

ಅಲ್ಲಿ ಸಿಸ್ಟರ್ ಎಸ್ತರಮ್ಮ ಹಿರಿಯರು. ಅವರ ಕೈಕೆಳಗೆ ಕೆಲಸಕ್ಕೆ ಸೇರಿದವಳು ಸುಲೋಚನಾ ಹೂಗಾರ. ಮನಸ್ಸು ಕುಸಿದವರಿಗೆ ಕೊಡುವ ಗುಳಿಗೆಗಳಲ್ಲಿ ಹಳೆಯ ಬಗೆಯವು, ಹೊಸ ಬಗೆಯವು ಎಂದು ಇವೆ. ಹಳೆಯವನ್ನು ಕೊಡುವಾಗ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು ಎಂದು ಎಸ್ತರಮ್ಮ ಅವಳಿಗೆ ಮೊದಲ ದಿನವೇ ಹೇಳಿದರು. ಆ ಗುಳಿಗೆಗಳು ಎಷ್ಟೋ ಜನರನ್ನು ಹಾಸಿಗೆಯಿಂದ ಎಬ್ಬಿಸಿವೆ. ಎದ್ದು ನಿಂತವರನ್ನು ಬೀಳಿಸಿಯೂ ಇವೆ. ನಿಂತ ಕೂಡಲೆ ರಕ್ತದೊತ್ತಡ ಇಳಿದು ಕಣ್ಣು ಕತ್ತಲೆ ಬರುತ್ತದೆ. ಬಾಯಿ ಒಣಗುತ್ತದೆ, ಮೂತ್ರ ಕಟ್ಟುತ್ತದೆ. ಮಿತಿ ಮೀರಿದರೆ ಹೃದಯದ ಬಡಿತವೇ ದಾರಿ ತಪ್ಪುತ್ತದೆ. ಅದಕ್ಕೇ ರೋಗಿಯನ್ನು ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ನನ್ನಿಂದ ಅಳೆಸುತ್ತಿದ್ದರು. ಮನೆಗೆ ಕಳಿಸುವಾಗ ಸ್ವಲ್ಪವೇ ಗುಳಿಗೆ, ಅದೂ ಮನೆಯವರ ಕೈಗೆ. ಬೇರೆ ಡಾಕ್ಟರ ಔಷಧಿ ಏನಾದರೂ ನಡೆದಿದೆಯೇ ಎಂದು ಕೇಳದೆ ಯಾರನ್ನೂ ಬಾಗಿಲು ದಾಟಿಸುತ್ತಿರಲಿಲ್ಲ.

ಸುಲೋಚನಾ ಇದನ್ನೆಲ್ಲ ಚೆನ್ನಾಗಿ ಕಲಿತಳು. ಎಸ್ತರಮ್ಮ ನಿವೃತ್ತರಾದ ಮೇಲೆ ವಾರ್ಡು ಅವಳ ಕೈಗೆ ಬಂತು, ಜೊತೆಗೆ ನಾನೂ. ಅವಳ ಬೆರಳು ನನ್ನ ರಬ್ಬರ್ ಬಲ್ಬನ್ನು ಹಿಚುಕುವ ರೀತಿಯಲ್ಲೇ ಒಂದು ಭರವಸೆ ಇತ್ತು. 

ಒಂದು ಶನಿವಾರ ಅವಳು ವಿಭಾಗದ ಡಾಕ್ಟರ್ ನಾಡಗೌಡರನ್ನು ಕೇಳಿ ನನ್ನನ್ನು ಮನೆಗೆ ಒಯ್ದಳು. ಅವಳ ಅಪ್ಪ ರಾಚಪ್ಪ ಬಚ್ಚಲಿನಿಂದ ಬರುವಾಗ ಎರಡು ಸಲ ಬಿದ್ದಿದ್ದರಂತೆ. ರಾಚಪ್ಪ ದುರ್ಗದಬೈಲಿನ ಪೇಟೆಯಲ್ಲಿ ಹೂವಿನ ವ್ಯಾಪಾರ ಮಾಡಿದವರು. ಹೆಂಡತಿ ತೀರಿಕೊಂಡ ಮೇಲೆ ಅಂಗಡಿಯನ್ನು ತಮ್ಮನಿಗೆ ಬಿಟ್ಟು ಮಗಳ ಮನೆಗೆ ಬಂದಿದ್ದರು. ಈಚೆಗೆ ಸೂಜಿಗೆ ದಾರ ಪೋಣಿಸಲು ಕಣ್ಣು ಕಾಣದು, ಸದಾ ನೀರಡಿಕೆ, ಮಾತು ಕಡಿಮೆ. ಸಕ್ಕರೆ ಕಾಯಿಲೆ ಮತ್ತು ವಯಸ್ಸು ಎಂದುಕೊಂಡಿದ್ದಳು ಸುಲೋಚನಾ.

ಮರುದಿನ ಬೆಳಿಗ್ಗೆ ಅವರನ್ನು ಮಂಚದ ಮೇಲೆ ಮಲಗಿಸಿ ನನ್ನ ಪಟ್ಟಿ ಸುತ್ತಿದಳು. ಪಾದರಸ ಇರಬೇಕಾದಲ್ಲೇ ನಿಂತಿತು. ಅವಳು ಸಮಾಧಾನದಿಂದ ಅವರನ್ನು ಎಬ್ಬಿಸಿ ನಿಲ್ಲಿಸಿದಳು. ಮತ್ತೆ ಗಾಳಿ ತುಂಬಿ ಬಿಟ್ಟಳು. ಪಾದರಸ ಇಳಿಯಿತು, ಇಳಿಯಿತು, ಇಳಿಯುತ್ತಲೇ ಹೋಯಿತು, ನಾಡಿಯ ಸದ್ದು ಮಾತ್ರ ಕೇಳಲಿಲ್ಲ. ಕೊನೆಗೆ ಕೇಳಿದ್ದು ಬಹಳ ಕೆಳಗೆ. ಅದೂ ಒಂದು ಹೊಡೆತ, ಒಂದು ಖಾಲಿ, ಆಮೇಲೆ ಎರಡು ಒಟ್ಟಿಗೆ. ಅಷ್ಟರಲ್ಲಿ ರಾಚಪ್ಪ ಮಗಳ ಭುಜದ ಮೇಲೆ ಕುಸಿದರು. ನಾನು ಮಂಚದಿಂದ ಜಾರಿ ನೆಲಕ್ಕೆ ಬಿದ್ದೆ.

ಅವರನ್ನು ಮಲಗಿಸಿ, ಕಾಲ ಕೆಳಗೆ ದಿಂಬು ಕೊಟ್ಟು, ಏನು ಔಷಧಿ ತೆಗೆದುಕೊಳ್ಳುತ್ತೀ ಎಂದು ಕೇಳಿದಳು. ಅಂಗಾಲು ಉರಿಗೆ ಸಕ್ಕರೆ ಡಾಕ್ಟರು ಕೊಟ್ಟ ನರದ ಗುಳಿಗೆ ಎಂದು ಅವರು ಅಂಗಿಯ ಜೇಬು ತೋರಿಸಿದರು. ಅವಳು ಹೆಸರು ಓದಿದಳು. ವಾರ್ಡಿನ ಹಳೆಯ ಬಗೆಯ ಗುಳಿಗೆಗಳಲ್ಲೇ ಒಂದು, ನೋವಿಗೂ ಕೊಡುತ್ತಾರೆ. ಆದರೆ ಇದು ಸಣ್ಣ ಪ್ರಮಾಣದ್ದು, ಇಷ್ಟಕ್ಕೇ ಮನುಷ್ಯ ಹೀಗೆ ಬೀಳುವುದಿಲ್ಲ.

“ಅಪ್ಪಾ, ಬ್ಯಾರೆ ಏನರ ತಗೊಳ್ಳಾಕತ್ತೀ ಏನು?”

ರಾಚಪ್ಪ ಗೋಡೆಯ ಕಡೆ ಮುಖ ಮಾಡಿದರು. ಅವಳು ಮತ್ತೆ ಕೇಳಿದಳು. ಅವರ ಕೈ ನಿಧಾನವಾಗಿ ಸೊಂಟದ ಎಲೆಯಡಿಕೆ ಚಂಚಿಗೆ ಹೋಯಿತು. ಒಳಗಿನಿಂದ ಮಡಚಿದ ಒಂದು ಗುಳಿಗೆ ಪಟ್ಟಿ ಹೊರಬಂತು.

ಸುಲೋಚನಾ ಅದನ್ನು ಓದಲೇ ಇಲ್ಲ. ಓದಬೇಕಾಗಿರಲಿಲ್ಲ. ದಿನಾ ತನ್ನ ಕೈಯಾರೆ ರೋಗಿಗಳಿಗೆ ಕೊಡುವ ಗುಳಿಗೆ ಅದು.  ಎರಡೂ ಗುಳಿಗೆ ಪಟ್ಟಿಗಳನ್ನು ಮಂಚದ ಮೇಲೆ ಪಕ್ಕಪಕ್ಕ ಇಟ್ಟಳು.

“ಇದು ನಿನಗ ಯಾರು ಕೊಟ್ರು?”

“ಗದಗಿನ್ಯಾಗ ಒಬ್ರು ಡಾಕ್ಟರು. ಬಸ್ಸಿಗೆ ಹೋಗಿ ಬರ್ತಿದ್ನಿ. ಬ್ಯಾರೆ ಔಷಧಿ ಏನೂ ಇಲ್ಲಂತ ಹೇಳೀನಿ ಅವರಿಗೆ.”

ಒಂದೇ ಜಾತಿಯ ಎರಡು ಗುಳಿಗೆ, ಇಬ್ಬರು ಡಾಕ್ಟರು. ಒಬ್ಬರದು ಇನ್ನೊಬ್ಬರಿಗೆ ಗೊತ್ತಿಲ್ಲ. ಎರಡೂ ವಯಸ್ಸಾದ ಆ ದೇಹದಲ್ಲಿ ತಿಂಗಳುಗಟ್ಟಲೆ ಕೂಡಿಕೊಂಡಿದ್ದವು. ಸುಲೋಚನಾಳ ಗಂಡ ಆಟೋ ತಂದ, ನನ್ನನ್ನೂ ಅದರಲ್ಲಿ ಇಟ್ಟರು. ಅವಳು ಅಪ್ಪನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ದಾರಿಯುದ್ದಕ್ಕೂ ಅವರ ಮಣಿಕಟ್ಟಿನಿಂದ ಬೆರಳು ತೆಗೆಯಲಿಲ್ಲ. ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆದರು. ಹೃದಯದ ಗೆರೆಗಳು ಇರಬೇಕಾದುದಕ್ಕಿಂತ ಅಗಲವಾಗಿದ್ದವು. ಎರಡೂ ಗುಳಿಗೆ ನಿಲ್ಲಿಸಿ, ಸಲೈನ್ ಹಚ್ಚಿ, ಬಡಿತ ಕಾಯುತ್ತ ಕೂತರು. ಇನ್ನಷ್ಟು ತಡವಾಗಿದ್ದರೆ ನಮ್ಮ ಕೈಯಲ್ಲಿ ಏನೂ ಇರುತ್ತಿರಲಿಲ್ಲ ಎಂದು ನಾಡಗೌಡರು ಮೆಲ್ಲಗೆ ಹೇಳಿದರು.

ರಾಚಪ್ಪ ಉಳಿದರು. ಬಡಿತ ಹಳಿಗೆ ಬಂದ ದಿನ ಸುಲೋಚನಾ ಅವರ ಪಕ್ಕದ ಸ್ಟೂಲಿನಲ್ಲಿ ಕೂತು, ಬಲ್ಬು ಹಿಚುಕದೆ ಸುಮ್ಮನೆ ಹಿಡಿದುಕೊಂಡು ಕೇಳಿದಳು. ಅವ್ವ ಹೋದಾಗಿನಿಂದ ನಿನ್ನ ಮನಸ್ಸು ಹೀಗೆ ಕುಸಿದಿತ್ತೇ, ನಾನು ಇದೇ ಕೆಲಸ ಮಾಡುವವಳು, ನನಗೆ ಯಾಕೆ ಹೇಳಲಿಲ್ಲ?

ಅವರು ಛಾವಣಿ ನೋಡುತ್ತಲೇ ಹೇಳಿದರು:

“ನೀ ದಿನಾ ಸಂಜೀಕೆ ಊಟಕ್ಕ ಕುಂತಾಗ ವಾರ್ಡಿನ ಮಂದಿ ಸುದ್ದಿ ಹೇಳತಿದ್ದಿ. ಒಬ್ಬಾಂವ ಗ್ವಾಡಿ ಜೋಡಿ ಮಾತಾಡ್ತಾನ, ಒಬ್ಬಾಕಿ ವಾರಗಟ್ಲೆ ಜಳಕಾ ಮಾಡೂದಿಲ್ಲ ಅಂತ. ಎಲ್ಲಾರೂ ನಗತಿದ್ರಿ. ನಾನೂ ನಗತಿದ್ನಿ, ಮಗಳ. ನನ್ನ ಸುದ್ದಿನೂ ಯಾರದರ ಮನ್ಯಾಗ ಊಟದ ಹೊತ್ತಿಗೆ ಹೇಳ್ತಾರ ಅನಿಸ್ತು.”

 ಸುಲೋಚನಾ ಬಲ್ಬು ಕೆಳಗಿಟ್ಟು ಸ್ಟೂಲನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡಳು. ಆ ಶನಿವಾರ ರಾತ್ರಿ ನನ್ನ ಮುಚ್ಚಳ ಮುಚ್ಚಿತ್ತು, ಅವಳ ಮನೆಯ ಊಟದ ಹೊತ್ತನ್ನು ನಾನು ಕಂಡವನಲ್ಲ. ರೋಗಿಗಳ ಜೊತೆ ಅವಳು ಒಂದು ಒರಟು ಮಾತಾಡಿದ್ದನ್ನೂ ಕೇಳಿರಲಿಲ್ಲ. ಅವಳ ಬಗ್ಗೆ ಎಲ್ಲ ಗೊತ್ತು ಎಂದುಕೊಂಡಿದ್ದ ನನಗೂ ದಿಗಿಲಾಯಿತು.

ನಾಡಗೌಡರು ರಾಚಪ್ಪನವರಿಗೆ ಕೆಲ ವಾರ ಬಿಟ್ಟು ಹೊಸ ಬಗೆಯ ಗುಳಿಗೆ ಶುರು ಮಾಡಿದರು. ಅಂಗಾಲು ಉರಿಗೆ ಏನು ಕೊಡಬೇಕೆಂದು ಸಕ್ಕರೆ ಡಾಕ್ಟರಿಗೆ ತಾವೇ ಫೋನು ಮಾಡಿ ಮಾತಾಡಿದರು. ಅಲ್ಲಿಂದ ಮುಂದೆ ಸುಲೋಚನಾ ಹೊಸ ರೋಗಿಗಳಿಗೆ ಬರೀ ಪ್ರಶ್ನೆ ಕೇಳಿ ಬಿಡುತ್ತಿರಲಿಲ್ಲ. ಮನೆಯಲ್ಲಿರುವ ಗುಳಿಗೆಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಬನ್ನಿ ಎನ್ನುತ್ತಿದ್ದಳು. ಜೊತೆಗೆ ಬಂದವರನ್ನು ಹೊರಗೆ ಕೂರಿಸಿ, ಕದ ಮುಚ್ಚಿ, ಸಾವಕಾಶವಾಗಿ ಕೇಳುತ್ತಿದ್ದಳು.

ಪಾದರಸದ ಪೆಟ್ಟಿಗೆಗಳು ಇನ್ನು ಬೇಡವೆಂದು ಆದೇಶ ಬಂದಿತ್ತು. ನನ್ನ ಕೊನೆಯ ಕೆಲಸದ ದಿನ ಹೊರರೋಗಿಗಳ ಸಾಲಿನಲ್ಲಿ ಎಲ್ಲರ ಹಿಂದೆ ರಾಚಪ್ಪ ಕೂತಿದ್ದರು. ಅವರ ಸರದಿ ಬಂದಾಗ, ಆ ವಾರವಷ್ಟೇ ಸೇರಿದ್ದ ನರ್ಸೊಬ್ಬಳು ಇವರು ಯಾರು ಸಿಸ್ಟರ್ ಎಂದು ಕೇಳಿದಳು. ಸಾಲಿನಲ್ಲಿದ್ದವರೆಲ್ಲ ಕೇಳುವಂತೆ ಸುಲೋಚನಾ ಹೇಳಿದಳು:

“ನಮ್ಮಪ್ಪ. ನಮ್ಮ ವಾರ್ಡಿನ ಪೇಷಂಟ್.”

ರಾಚಪ್ಪ ತೋಳು ಚಾಚಿದರು.

ಈಗ ನಾನು ಉಗ್ರಾಣದಲ್ಲಿ, ಮುಚ್ಚಳ ಬಿಗಿದು ಟೇಪು ಸುತ್ತಿಸಿಕೊಂಡು ಕೂತಿದ್ದೇನೆ. ಎಷ್ಟೋ ತೋಳುಗಳಲ್ಲಿ ರಕ್ತ ಹರಿಯುವುದನ್ನು ಕೇಳಿದವನು ನಾನು. ಆದರೂ ಆ ಭಾನುವಾರದ ದಿಗಿಲು ನನ್ನಿಂದ ಇಳಿದಿಲ್ಲ. ಬೀಳುವಂಥ ಮನುಷ್ಯ ಅದೇ ಮನೆಯಲ್ಲಿ, ಅದೇ ಊಟದ ಸಾಲಿನಲ್ಲಿ, ಎಲ್ಲರ ಜೊತೆ ನಗುತ್ತ ಕೂತಿದ್ದ.