ಮೆಹ್ವಿಶ್ ಕೂರದೇ ಹೋದ ತರಗತಿ

ಮನೆಮಾತಿನಲ್ಲಿ ಕಲಿತ ಮಕ್ಕಳು ಕಾಲೇಜಿಗೆ ಹೋದ ಮೊದಲ ವಾರ ಹೇಗಿರುತ್ತಾರೆ, ನೋಡಿದ್ದೀರಾ? ಕರೆಯದ ಮದುವೆಗೆ ಬಂದವರ ಹಾಗೆ ಕೊನೆಯ ಬೆಂಚಿನಲ್ಲಿ ಕುಳಿತಿರುತ್ತಾರೆ. ಮೇಷ್ಟ್ರು ಇಂಗ್ಲಿಷಿನಲ್ಲಿ ಹೇಳುತ್ತಾ ಹೋಗುತ್ತಾರೆ, ಇವರು ತಲೆಯಾಡಿಸುತ್ತಾ ಹೋಗುತ್ತಾರೆ. ಮನೆಯಲ್ಲಿ ಕೇಳಿದರೆ "ಚೆನ್ನಾಗಿತ್ತು" ಅನ್ನುತ್ತಾರೆ. ಅಷ್ಟೇ.

ಶಿವಾಜಿನಗರದ ಮೆಹ್ವಿಶ್ ಅಂಥವಳೊಬ್ಬಳು. ತಂದೆ ಅಹ್ಮದ್ ಪಾಷಾ ರಸೆಲ್ ಮಾರುಕಟ್ಟೆಯಲ್ಲಿ ಮೂಸಂಬಿ, ಕಿತ್ತಳೆ ಮಾರುವವರು. ಉರ್ದು ಶಾಲೆಯಲ್ಲಿ ಓದಿ, ಪಿಯುಸಿಯನ್ನು ಬಾಯಿಪಾಠದಲ್ಲೇ ದಾಟಿದ ಹುಡುಗಿ, ಎರಡು ಸಾವಿರದ ಮೂರನೆಯ ಇಸವಿಯಲ್ಲಿ ಹಲಸೂರಿನ ಒಂದು ಕಾಲೇಜಿನಲ್ಲಿ ಬಿ.ಕಾಂ. ಸೇರಿದಳು. ಆ ಮನೆಯಿಂದ ಕಾಲೇಜಿಗೆ ಹೋದವರಲ್ಲಿ ಅವಳೇ ಮೊದಲು. ಬ್ಯಾಂಕಿನಲ್ಲಿ ಕೂರಬೇಕು ಎಂಬುದು ಅವಳ ಆಸೆ. ತಾಯಿ ಕಮರುನ್ನೀಸಾ ನಮಾಜು ಮುಗಿಸಿ ಕೈಯೆತ್ತಿ ಬೇಡುತ್ತಿದ್ದದ್ದೂ ಅದನ್ನೇ.

ಆ ಕಾಲೇಜಿನಲ್ಲಿ ಪಾಠ ಶುರುವಾಗುವ ಮುಂಚೆ ಒಂದು ಸಣ್ಣ ಪರೀಕ್ಷೆ ಇತ್ತು. ಬಿತ್ತುವ ಮುಂಚೆ ಮಣ್ಣಿನ ಹದ ನೋಡುವ ಹಾಗೆ, ಯಾರಿಗೆ ಇಂಗ್ಲಿಷ್ ಎಷ್ಟು ಬರುತ್ತದೆ, ಲೆಕ್ಕ ಎಷ್ಟು ಬರುತ್ತದೆ ಎಂದು ನೋಡುವುದಕ್ಕೆ. ಕಡಿಮೆ ಬರುವವರಿಗೆ ಬ್ರಿಡ್ಜ್ ಕ್ಲಾಸ್ ಎಂದು ಬೇರೆ ತರಗತಿ. ಅಲ್ಲಿ ಬುಡದಿಂದ ಹೇಳಿಕೊಡುತ್ತಿದ್ದರು. ಪಾಠ ಮಾಡುತ್ತಿದ್ದ ಸುಜಾತಾ ಮೇಡಂ ಅಹ್ಮದ್ ಪಾಷಾ ಅವರ ಹಳೆಯ ಗಿರಾಕಿ. ಪರೀಕ್ಷೆಗೆ ಮುಂಚೆ ಒಂದು ದಿನ ಅಂಗಡಿಯಲ್ಲಿ ಹಣ್ಣು ಆರಿಸುತ್ತಾ ಹೇಳಿದರು:

"ಪಾಷಾ ಸಾಹೇಬ್ರೇ, ಮಗಳಿಗೆ ಹೇಳಿ. ಗೊತ್ತಿರೋದು ಬರೀಲಿ, ಗೊತ್ತಿಲ್ಲದ್ದು ಬಿಟ್ಬಿಡ್ಲಿ. ಇದ್ರಲ್ಲಿ ಪಾಸೂ ಇಲ್ಲ, ಫೇಲೂ ಇಲ್ಲ."

"ಆಯ್ತು ಮೇಡಂ, ನೀವು ಹೇಳಿದ್ಮೇಲೆ ಇನ್ನೇನಿದೆ?" ಎಂದರು ಅವರು.

ಸಂಜೆ ಮನೆಗೆ ಅವರ ತಂಗಿಯ ಮಗ ಅನೀಸ್ ಬಂದ. ಅದೇ ಕಾಲೇಜಿನಲ್ಲಿ ಎರಡನೆಯ ವರ್ಷ.

"ಮಾಮೂ, ಬ್ರಿಡ್ಜ್ ಕ್ಲಾಸಾ? ಅದು ಹಿಂದ್ಗಡೆ ಸೈಕಲ್ ಸ್ಟ್ಯಾಂಡ್ ಪಕ್ಕ, ಶೀಟ್ ಹಾಕಿರೋ ಶೆಡ್ಡು. ಎಲ್ರೂ ದಡ್ಡರ ಶೆಡ್ಡು ಅಂತಾರೆ. ನೀವ್ಯಾಕೆ ಹೆದರ್ತೀರಿ? ಪ್ರತಿ ವರ್ಷ ಅದೇ ಪೇಪರ್ರು. ನಂಗೆ ಎಲ್ಲಾ ನೆನಪಿದೆ. ಒಂದೇ ಸಂಜೆಲಿ ಕಲಿಸ್ಬಿಡ್ತೀನಿ."

ಕಮರುನ್ನೀಸಾ ಅನುಮಾನಿಸಿದರು. "ಅಜೀ, ಮೇಡಂ ಬೇರೆ ಥರ ಹೇಳಿದ್ರಲ್ಲಾ?"

"ನಿಂಗೆ ವ್ಯಾಪಾರ ಗೊತ್ತಿಲ್ಲ," ಎಂದರು ಅಹ್ಮದ್ ಪಾಷಾ. "ರಾಶಿ ಮೇಲೆ ಯಾವ ಹಣ್ಣು ಇಡ್ತಾರೆ? ಹೊಳೆಯೋ ಹಣ್ಣು. ನಮ್ಮ ಹುಡುಗೀನ ಮೊದಲ್ನೇ ದಿನಾನೇ ಕೆಳಗಿಟ್ರೆ ಮೇಲೆತ್ತೋರು ಯಾರು?"

ಮೆಹ್ವಿಶ್ ಅರ್ಥವಾಗದಿದ್ದರೂ ಉತ್ತರಗಳನ್ನು ಕಂಠಪಾಠ ಮಾಡಿ ಬರೆದಳು. ಮುಖ್ಯ ತರಗತಿಗೆ ನೇರ ಸೇರಿಸಿಕೊಂಡರು. ಅಹ್ಮದ್ ಪಾಷಾ ಅಕ್ಕಪಕ್ಕದ ಅಂಗಡಿಗಳಿಗೆಲ್ಲ ಮಿಠಾಯಿ ಹಂಚಿದರು.

ಆ ಮಿಠಾಯಿಯ ಸಿಹಿ ಹೆಚ್ಚು ದಿನ ಉಳಿಯಲಿಲ್ಲ. ಅಕೌಂಟೆನ್ಸಿ ಪಾಠ ಅವಳ ತಲೆಯ ಮೇಲಿಂದ ಹಾರಿಹೋಗುತ್ತಿತ್ತು. ಅತ್ತ ಶೆಡ್ಡಿನಲ್ಲಿ ಕೆ.ಆರ್. ಪುರದಿಂದ ಬರುತ್ತಿದ್ದ ಕಾವೇರಿ, ಮೇಸ್ತ್ರಿಯ ಮಗಳು, ಡೆಬಿಟ್ ಅಂದರೇನು ಎಂದು ನಿಂತು ಕೇಳುತ್ತಿದ್ದಳು. ಸುಜಾತಾ ಮೇಡಂ ಕನ್ನಡದಲ್ಲಿ ಹೇಳಿ, ಉರ್ದುವಿನಲ್ಲಿ ಹೇಳಿ, ಆಮೇಲೆ ಇಂಗ್ಲಿಷಿಗೆ ಬರುತ್ತಿದ್ದರು. ಕಣ್ಣು ಮಂದವಿದ್ದ ಹುಡುಗನಿಗೆ ದಪ್ಪ ಅಕ್ಷರದಲ್ಲಿ ಬರೆದುಕೊಡುತ್ತಿದ್ದರು. ಕೆಲಸಕ್ಕೆ ಹೋಗುವವರು ಮನೆಯಲ್ಲಿ ಕೇಳಲಿ ಎಂದು ಪಾಠವನ್ನು ಕ್ಯಾಸೆಟ್ಟಿನಲ್ಲಿ ತುಂಬಿಸಿ ಕೊಡುತ್ತಿದ್ದರು.

ಒಂದು ದಿನ ವರಾಂಡದಲ್ಲಿ ಅವರು ಮೆಹ್ವಿಶ್‌ಳನ್ನು ತಡೆದರು. "ಪಾಠ ಅರ್ಥ ಆಗ್ತಿದೆಯೇನಮ್ಮಾ?"

"ಎಲ್ಲಾ ಆಗ್ತಿದೆ ಮೇಡಂ."

ಇನ್ನೇನು ಹೇಳುತ್ತಾಳೆ? ಅವಳ ಅಬ್ಬಾ ಮಿಠಾಯಿ ಹಂಚಿದ್ದಾರೆ.

ವರ್ಷದ ಕೊನೆಗೆ ಕಾವೇರಿ ಪಾಸಾದಳು. ಮೆಹ್ವಿಶ್ ಇಂಗ್ಲಿಷ್, ಅಕೌಂಟೆನ್ಸಿ ಎರಡರಲ್ಲೂ ಫೇಲು. ಅವಳು ಅಳಲಿಲ್ಲ. ಪುಸ್ತಕಗಳನ್ನು ಕಟ್ಟಿ ಅಟ್ಟಕ್ಕೆ ಹಾಕಿ, ಸಿದ್ಧ ಉಡುಪಿನ ಕಾರ್ಖಾನೆಯೊಂದರಲ್ಲಿ ಗುಂಡಿ ಹೊಲಿಯುವ ಕೆಲಸಕ್ಕೆ ಸೇರಿದಳು.

ಸುದ್ದಿ ತಿಳಿದು ಸುಜಾತಾ ಮೇಡಂ ಮನೆಗೇ ಬಂದರು. ಅಹ್ಮದ್ ಪಾಷಾ ಸಿಡುಕಿದರು. "ಆ ಮೊದಲ್ನೇ ಪರೀಕ್ಷೇಲಿ ಅಷ್ಟು ಮಾರ್ಕ್ಸ್ ತಗೊಂಡ ಹುಡುಗೀನ ಫೇಲ್ ಮಾಡಿದ್ರಲ್ಲಾ, ಏನು ಕಾಲೇಜ್ರೀ ನಿಮ್ದು?"

"ಅವು ಅವಳ ಮಾರ್ಕ್ಸ್ ಅಲ್ಲ ಮೇಡಂ, ನನ್ವು," ಎಂದ ಮೂಲೆಯಲ್ಲಿ ನಿಂತಿದ್ದ ಅನೀಸ್. ತಲೆ ಮೇಲೆತ್ತಲಿಲ್ಲ.

ಸುಜಾತಾ ಮೇಡಂ ಹೇಳಿದರು: "ಡಾಕ್ಟ್ರ ಹತ್ರ ಹೋಗಿ ನೋವಿಲ್ಲ ಅಂದ್ರೆ ಔಷಧಿ ಹೇಗೆ ಕೊಡ್ತಾರೆ ಸಾಹೇಬ್ರೇ? ಆದ್ರೆ ನಮ್ಮ ತಪ್ಪೂ ಇದೆ. ಪ್ರತಿ ವರ್ಷ ಅದೇ ಪೇಪರ್ ಕೊಟ್ಟೋರು ನಾವು. ಆ ಮಕ್ಕಳನ್ನ ಸೈಕಲ್ ಸ್ಟ್ಯಾಂಡ್ ಪಕ್ಕ ಕೂರಿಸಿದೋರೂ ನಾವೇ. ಅಲ್ಲಿಗೆ ಬರೋಕೆ ಯಾರಿಗೆ ನಾಚ್ಕೆ ಆಗಲ್ಲ ಹೇಳಿ?" ಮೆಹ್ವಿಶ್ ಕಡೆ ತಿರುಗಿದರು. "ವಾಪಸ್ ಬಾ ಮಗಳೇ. ಬುಡದಿಂದ ಶುರು ಮಾಡೋಣ."

"ಬೇಡ ಮೇಡಂ. ಬ್ರಿಡ್ಜ್ ಕ್ಲಾಸ್ ಬೇಕಾಗಿರೋದು ಕಲಿಯೋಕಾಗೋರಿಗೆ. ನಂಗೆ ತಲೇನೇ ಇಲ್ಲ."

ಕಮರುನ್ನೀಸಾ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅಹ್ಮದ್ ಪಾಷಾ ಮಗಳ ಮುಖ ನೋಡಲಾರದೆ ಕಿರಿಯ ಮಗಳು ಸಾಲೇಹಾಳನ್ನು ಮುಂದಕ್ಕೆ ತಂದರು. "ಮೇಡಂ, ಇವಳು ಬರೋ ವರ್ಷ ಕಾಲೇಜಿಗೆ ಬರ್ತಾಳೆ. ಇವಳಿಗೆ ಯಾರೂ ಏನೂ ಹೇಳ್ಕೊಡಲ್ಲ. ನೀವು ಎಲ್ಲಿ ಕೂರಿಸ್ತೀರೋ ಅಲ್ಲೇ ಕೂರ್ತಾಳೆ. ಖುದಾ ಕಸಮ್."

ಸಾಲೇಹಾ ಕೂತಳು, ಪಾಸಾದಳು. ಮೆಹ್ವಿಶ್ ಈಗಲೂ ಗುಂಡಿ ಹೊಲಿಯುತ್ತಾಳೆ.

ದೇವರು ತಲೆ ಕೊಡದೆ ಯಾರನ್ನೂ ಕಳಿಸಿಲ್ಲ. ಮೆಹ್ವಿಶ್‌ಗೆ ತಲೆಯಿಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಎಲ್ಲರೂ ಸೇರಿ ನಂಬಿಸಿದರು, ಅಷ್ಟೇ.

ಅಪ್ಪ ಅಮ್ಮಂದಿರೇ, ಮಟ್ಟ ನೋಡುವ ಪರೀಕ್ಷೆಯನ್ನು ನಿಮ್ಮ ಮಕ್ಕಳು ತಾವೇ ಬರೆಯಲಿ, ತಮಗೆ ಬರುವಷ್ಟೇ ಬರೆಯಲಿ. ಬ್ರಿಡ್ಜ್ ಕ್ಲಾಸಿಗೆ ಹಾಕಿದರೆ ಸಂತೋಷದಿಂದ ಕಳಿಸಿ. ಪಾಠ ನಡೆಸುವವರೇ, ಆ ತರಗತಿಯನ್ನು ನಿಮ್ಮ ಕಾಲೇಜಿನ ಒಳ್ಳೆಯ ಕೋಣೆಯಲ್ಲಿ ನಡೆಸಿ. ಓದುತ್ತಿರುವ ತಂಗಿ, ತಮ್ಮ, ಪಾಠ ತಿಳಿಯದಿದ್ದರೆ ನಾಳೆಯೇ ಎದ್ದು ನಿಂತು "ತಿಳೀಲಿಲ್ಲ" ಅನ್ನು. ವರ್ಷ ಮುಗಿದ ಮೇಲೆ ಆ ಮಾತು ಕೇಳುವುದಕ್ಕೆ ಅಲ್ಲಿ ಯಾರೂ ಇರುವುದಿಲ್ಲ.