ಚೈನಿಗೆ ಸಿಕ್ಕ ಕಂಬಳಿ

"ಬಾವುಟ! ಬಿಳಿ ಬಾವುಟ ಕಣೋ!"

ತ್ಲಾಲಿ ಚಿಕ್ಕಪ್ಪ ಕೂಗಿದ ರಭಸಕ್ಕೆ ಎದುರು ಬೆಟ್ಟದ ಕುರಿಗಳೆಲ್ಲ ಮೇಯುವುದನ್ನು ಬಿಟ್ಟು ತಲೆ ಎತ್ತಿದವು. ಕೂಗಿದವನು ಸೈಕಲ್ಲನ್ನು ರಸ್ತೆಯ ನಡುವೆಯೇ ಕೈಬಿಟ್ಟ. ಅದು ತನ್ನ ಪಾಡಿಗೆ ತಾನು ಹಿಂದಕ್ಕೆ ಉರುಳಿಕೊಂಡು ಹೋಗಿ ಹಿಮದ ಗುಡ್ಡೆಗೆ ಒರಗಿ ನಿಂತಿತು. ಮನೆಗೆ ವಾಪಸ್ ಹೋಗುವ ಆಸೆ ಅದಕ್ಕೂ ಇತ್ತೆಂದು ಕಾಣುತ್ತದೆ.

ಮುಂದೆ ಹೋಗುತ್ತಿದ್ದ ಸೆಖೋಬೆ ಕಾಲೂರಿ ತಿರುಗಿ ನೋಡಿದ. ರಸ್ತೆಯ ಕೆಳಗೆ ಕಲ್ಲಿನ ದುಂಡು ಮನೆ, ಅಂಗಳದಲ್ಲಿ ಉದ್ದನೆಯ ಗಳು, ಗಳುವಿನ ತುದಿಗೆ ಬಿಳಿ ಬಟ್ಟೆ. ಬಿಳಿ ಬಾವುಟ ಏರಿದ ಮನೆಯಲ್ಲಿ ಆ ದಿನ ಜೋಳದ ಹೆಂಡ ಹದಕ್ಕೆ ಬಂದಿದೆ ಎಂದೇ ಲೆಕ್ಕ. ಹಿಮ ಹೊದ್ದ ಬೆಟ್ಟದ ಮುಂದೆ ಆ ಬಟ್ಟೆ ಮನುಷ್ಯಮಾತ್ರದವರ ಕಣ್ಣಿಗೆ ಬೀಳುವಂಥದ್ದಲ್ಲ. ಆದರೆ ಚಿಕ್ಕಪ್ಪನದು ಸಾಮಾನ್ಯ ಮೂಗಲ್ಲ. ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದಾಗ ಎರಡು ಮೈಲಿ ಆಳದ ಸುರಂಗದಲ್ಲಿ ನಿಂತು, ಮೇಲೆ ಯಾವ ಮನೆಯಲ್ಲಿ ಮಡಕೆಯ ಮುಚ್ಚಳ ತೆಗೆದರು ಎಂದು ಹೇಳುತ್ತಿದ್ದ ಮೂಗು ಅದು.

"ನಡೀರಿ ಚಿಕ್ಕಪ್ಪ, ಬೆಳಕಿರೋವಾಗಲೇ ಇನ್ನೊಂದು ಏರು ಹತ್ತಿಬಿಡೋಣ."

"ಯಾರು ಹತ್ತೋದು? ನನ್ನ ಮಂಡಿ ಎರಡೂ ಹಿಂದಿನ ಘಾಟಿಯಿಂದಲೇ ಮನೆಗೆ ವಾಪಸ್ ಹೋದವು ಕಣೋ. ಇಲ್ಲಿ ನಿಂತಿರೋದು ನಾನೊಬ್ಬನೇ."

ಚಿಕ್ಕಪ್ಪನ ತಪ್ಪೂ ಇರಲಿಲ್ಲ. ಆ ವರ್ಷದ ಚಳಿಯೇ ಅಂಥದ್ದು. ಆಡಿನ ಹಾಲು ಕೆಚ್ಚಲಿನಿಂದ ಕಡ್ಡಿಕಡ್ಡಿಯಾಗಿ ಬರುತ್ತಿತ್ತು, ಹೆಂಗಸರು ಅದನ್ನು ಸೌದೆಯ ಹಾಗೆ ಹೊರೆ ಕಟ್ಟಿ ಮನೆಗೆ ಹೊರುತ್ತಿದ್ದರು. ಬೂತಾ-ಬೂತೆ ಊರಿನಲ್ಲಿ ಒಬ್ಬ ಸೀನಿದ ಸೀನು ಗಾಳಿಯಲ್ಲೇ ಹೆಪ್ಪುಗಟ್ಟಿ ಎದುರಿಗಿದ್ದವನ ಹಣೆ ಒಡೆಯಿತು. ಲೆಸೋಥೋದ ಬೆಟ್ಟಗಳಲ್ಲಿ ಹುಟ್ಟಿದ ನಮಗೆ ಚಳಿ ಹೊಸದಲ್ಲ. ಆದರೆ ಮಾಲೂಟಿ ಬೆಟ್ಟಸಾಲನ್ನು, ಇಲ್ಲಿ ನಡುಚಳಿಗಾಲವಾದ ಜುಲೈ ತಿಂಗಳಲ್ಲಿ ಸೈಕಲ್ಲಿನ ಮೇಲೆ ದಾಟಲು ಹೊರಟವರು ಆ ವರ್ಷ ಈ ಇಬ್ಬರೇ.

ಹೊರಟದ್ದು ಸೆಖೋಬೆಯ ಹೆಂಡತಿ ಕೆನೆವೆಯನ್ನು ಕರೆತರಲು. ಅವಳು ಮುನಿಸಿಕೊಂಡು ಘಾಟಿಗಳ ಆಚೆ, ಮೊಖೊತ್ಲೋಂಗಿನ ತವರಿನಲ್ಲಿ ಕೂತಿದ್ದಳು. ಹೆಂಡತಿ ಹಾಗೆ ಕೂತರೆ ಗಂಡ ಒಬ್ಬನೇ ಹೋಗಿ ಕರೆಯುವಂತಿಲ್ಲ. ಜೊತೆಗೆ ಮನೆಯ ಹಿರಿಯರು ಹೋಗಬೇಕು, ಮಾತೆಲ್ಲ ಹಿರಿಯರದು. ಗಂಡನಾದವನು ಕಂಬಳಿ ಹೊದ್ದು, ತಲೆ ತಗ್ಗಿಸಿ, ಬಾಯಿಗೆ ಬೀಗ ಹಾಕಿಕೊಂಡು ನೆಲದ ಮೇಲೆ ಕೂರಬೇಕು. ಕಂಬಳಿಯಿಲ್ಲದೆ ಮಾವನ ಅಂಗಳಕ್ಕೆ ಕಾಲಿಟ್ಟ ಅಳಿಯನೂ ಒಂದೇ, ಬತ್ತಲೆ ಬಂದ ಅಳಿಯನೂ ಒಂದೇ.

ಸೆಖೋಬೆಗೆ ಕಂಬಳಿಯ ಚಿಂತೆ ಇರಲಿಲ್ಲ, ಬಾಯಿಯ ಬೀಗದ್ದೇ ಚಿಂತೆ. ಬೇಸಗೆಯಲ್ಲಿ ಅವನು ಕುರಿಗಳ ಉಣ್ಣೆ ಕತ್ತರಿಸುವವನು. ಅವನ ಕತ್ತರಿಯ ವೇಗಕ್ಕೆ, ತಾನು ಬೋಳಾದ ಸಂಗತಿ ಕುರಿಗೆ ಮರುದಿನ ಚಳಿಯಾದಾಗಲೇ ತಿಳಿಯುತ್ತಿತ್ತು. ಚಳಿಗಾಲದಲ್ಲಿ ಕತ್ತರಿಗೆ ಕೆಲಸವಿಲ್ಲ. ಆಗ ಸೈಕಲ್ ಹತ್ತಿ ಹೊರಟನೆಂದರೆ ದೇಶದ ಮೂಲೆಮೂಲೆ ಸುತ್ತಿ, ಗಡ್ಡಕ್ಕೆ ಹಿಮ ಮೆತ್ತಿಕೊಂಡು, ತಲೆತುಂಬ ಕತೆ ಹೊತ್ತುಕೊಂಡು ಬರುತ್ತಿದ್ದ. ಬಿಳಿ ಬಾವುಟದ ಮನೆಗಳಲ್ಲಿ ಆ ಕತೆಗಳಿಗೆ ಜನ ಮುಗಿಬೀಳುತ್ತಿದ್ದರು. ಈ ಸಲ ಚಳಿಗಾಲದ ಶುರುವಿನಲ್ಲಿ ದಕ್ಷಿಣದ ಕಡೆ ಸುತ್ತುತ್ತಿದ್ದಾಗ ಕೆನೆವೆಯ ತಾಯಿ ತೀರಿಕೊಂಡಳು. ಸುದ್ದಿ ಮುಟ್ಟಿತು. "ಹೊರಟೆ, ಬಂದೇಬಿಟ್ಟೆ" ಎಂದ. ಮಣ್ಣು ಮುಗಿದು, ಮನೆಯವರು ತಲೆ ಬೋಳಿಸಿಕೊಂಡದ್ದೂ ಮುಗಿದ ಮೇಲೆ ಬಂದ. ಮಾವನ ಮನೆಯ ಗೇಟು ತೆಗೆಯುತ್ತಲೇ, "ಆ ಗಾಳಿ ಇತ್ತಲ್ಲ, ನನ್ನನ್ನ ಸೈಕಲ್ ಸಮೇತ ಎತ್ತಿ ಹೊಳೆಯಾಚೆಗೆ ಇಟ್ಟಿತು" ಎಂದು ಶುರುಮಾಡಿದ. ಬೋಳು ತಲೆಯ ಕೆನೆವೆ ಕತೆಯನ್ನು ಕೊನೆಯವರೆಗೂ ಕೇಳಿದಳು. "ಮುಗೀತಾ? ನೀವು ಹೊರಡಿ, ನಾನು ಇಲ್ಲೇ ಇರ್ತೀನಿ" ಎಂದಳು.

ಕೋಪ ಇಳಿಯಲಿ ಎಂದು ಚಿಕ್ಕಪ್ಪ ಕಾಯಿಸಿದ. ಕಾಯುತ್ತಿರುವಾಗಲೇ ಹಿಮ ಬಿದ್ದು ರಸ್ತೆ ಮುಚ್ಚಿತು, ಟ್ಯಾಕ್ಸಿ ಓಡಿಸುವ ಫಾಕೋ ಆಚೆ ಕಡೆ ಸಿಕ್ಕಿಹಾಕಿಕೊಂಡ. ಅವನೇ ಅಲ್ಲಿಂದ ಫೋನು ಮಾಡಿದ್ದು: "ಲೋ ಸೆಖೋಬೆ, ದಾರಿ ತೆರೆದ ದಿನ ನನ್ನ ಗಾಡಿಯ ಮುಂದಿನ ಸೀಟು ನಿನ್ನ ಹೆಂಡತಿಗೆ. ಗಡಿಯಾಚೆ ಜೋಬರ್ಗ್ ಪಟ್ಟಣದಲ್ಲಿ ಯಾರದೋ ಮನೆಗೆಲಸ ಗೊತ್ತಾಗಿದೆಯಂತೆ. ಹೋದೋರು ಬರ್ತಾರೇನೋ?"

ಆವತ್ತಿನಿಂದ ಇಡೀ ಬೆಟ್ಟಸೀಮೆ ಹಿಮ ನಿಲ್ಲಲಿ ಎಂದು ಬೇಡುತ್ತಿದ್ದರೆ, ಇನ್ನಷ್ಟು ಸುರಿಯಲಿ ಎಂದು ಬೇಡುತ್ತಿದ್ದವನು ಸೆಖೋಬೆ ಒಬ್ಬನೇ. ಹಿಮ ಇರುವವರೆಗೆ ಹೆಂಡತಿ ತವರಿನಲ್ಲಿರುತ್ತಾಳೆ.

ಹೆಂಡದ ಮನೆಯ ಒಡತಿ ಮಾಂಫೋ, ಬಾಗಿಲಲ್ಲಿ ನಿಂತು ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದಳು. "ಕುದುರೆ ಸತ್ತುಹೋದವಾ ನಿಮ್ಮೂರಲ್ಲಿ?"

"ಕುದುರೆಗೆ ಬುದ್ಧಿ ಇದೆಯಲ್ಲವ್ವಾ, ಬರಲ್ಲ ಅಂದ್ವು," ಎನ್ನುತ್ತ ಚಿಕ್ಕಪ್ಪ ಆಗಲೇ ಒಳಗೆ ಬೆರಣಿ ಬೆಂಕಿಯ ಪಕ್ಕ ಕೂತಿದ್ದ. ಮಂಗನ ಟೋಪಿಯನ್ನು ಬಾಯಿ ಕಾಣುವಷ್ಟು ಮಾತ್ರ ಎತ್ತಿಕೊಂಡ. ಮಾಂಫೋ ಮೆಕ್ಕೆಜೋಳದ ಮುದ್ದೆ, ಸೊಪ್ಪು ಕೊಟ್ಟಳು, ಡಬ್ಬಿಯಲ್ಲಿ ಹೆಂಡ ಮೊಗೆದಳು. ಮೂಲೆಯಲ್ಲಿ ರೇಡಿಯೋ ಗೊರಗುಟ್ಟುತ್ತಿತ್ತು.

"ನಾಳೆ ಬಿಸಿಲಂತೆ. ಮೊಖೊತ್ಲೋಂಗ್ ಕಡೆಯಿಂದ ಹಿಮ ತಳ್ಳೋ ಟ್ರಾಕ್ಟರು ಹೊರಡುತ್ತಂತೆ. ದೇವರು ಕಣ್ಬಿಟ್ಟ," ಎಂದಳು ಮಾಂಫೋ.

ಸೆಖೋಬೆಯ ಕೈಯಲ್ಲಿದ್ದ ಮುದ್ದೆಯ ತುತ್ತು ಅಲ್ಲೇ ನಿಂತಿತು. "ಈಗಲೇ ಹೊರಡೋಣ ಚಿಕ್ಕಪ್ಪ."

"ನನ್ನ ಕೈಲಿ ಆಗಲ್ಲ ಮಗನೇ. ತಮಾಷೆಗೆ ಹೇಳ್ತಿಲ್ಲ." ಚಿಕ್ಕಪ್ಪ ಗಂಬೂಟು ಕಳಚಿ ತೋರಿಸಿದ. ಪಾದಗಳು ಬೂದಿಯ ಬಣ್ಣಕ್ಕೆ ತಿರುಗಿದ್ದವು. "ಬೆಳಗ್ಗೆ ನೀನು ಹೋಗಿ ಅವಳನ್ನ ಇಲ್ಲಿಗೆ ಕರ್ಕೊಂಡು ಬಾ. ಇಲ್ಲೇ ಕೂತು ಎಂಥ ಮಾತಾಡ್ತೀನಿ ನೋಡು, ಕಲ್ಲೂ ಎದ್ದು ಗಂಡನ ಮನೆಗೆ ಹೋಗಬೇಕು."

"ನೀವು ಮಾತಾಡದೆ ಅವಳು ಇಲ್ಲಿವರೆಗಾದರೂ ಹೇಗೆ ಬರ್ತಾಳೆ?"

ಚಿಕ್ಕಪ್ಪ ಡಬ್ಬಿಯೊಳಗೆ ನೋಡಿದ. "ಅದೂ ಸರಿಯೇ," ಎಂದು ಕುಡಿದ.

ಬೆಳಗಾದಾಗ ಆಕಾಶ ತೊಳೆದಿಟ್ಟ ಎನಾಮಲ್ ಬೋಗುಣಿಯ ಹಾಗೆ ಇತ್ತು, ಒಂದು ಚೂರು ಮೋಡವಿಲ್ಲ. ಸೆಖೋಬೆ ಅದನ್ನು ಶತ್ರುವಿನ ಮುಖ ನೋಡುವ ಹಾಗೆ ನೋಡಿದ. ಅಂಗಿಯೊಳಗೆ ಹಳೆಯ ಪತ್ರಿಕೆ ಸೇರಿಸಿಕೊಂಡ, ಗಂಬೂಟಿನೊಳಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡ, ಹೆಪ್ಪುಗಟ್ಟಿದ ಚೈನಿಗೆ ಬೆಂಕಿಯ ಹತ್ತಿರ ಕರಗಿಸಿಟ್ಟ ಕುರಿಕೊಬ್ಬು ಸವರಿದ. ಆಮೇಲೆ ನೀಲಿ ಕಂಬಳಿಯನ್ನು ಬಿಡಿಸಿ, ಅದರ ಪಟ್ಟೆ ನೆಟ್ಟಗೆ ಕೆಳಗಿಳಿಯುವಂತೆ ಹೊದ್ದು, ಎದೆಯ ಮೇಲೆ ದಪ್ಪ ಪಿನ್ನು ಚುಚ್ಚಿಕೊಂಡ.

ಬಾಗಿಲವರೆಗೆ ತೆವಳಿ ಬಂದಿದ್ದ ಚಿಕ್ಕಪ್ಪ ಕೂಗಿದ: "ಅದನ್ನ ಸುರುಳಿ ಸುತ್ತಿ ಹಿಂದೆ ಕಟ್ಟೋ! ಸೈಕಲ್ಲು ಕುದುರೆಯಲ್ಲ. ಕುದುರೆಗೆ ಚೈನು ಇರಲ್ಲ!"

"ಕಂಬಳಿ ಹೊದ್ದೇ ನಾನು ಈ ದೇಶ ಏಳು ಸಲ ಸುತ್ತಿದೀನಿ! ಮಾವನ ಊರಿನೋರು ದೂರದಿಂದಲೇ ನೋಡಲಿ, ಅಳಿಯ ಹೇಗೆ ಬರ್ತಾನೆ ಅಂತ!"

ಬರುತ್ತಿದ್ದದ್ದೂ ಹಾಗೆಯೇ. ಕಂಬಳಿ ಗಾಳಿಗೆ ಹಿಗ್ಗಿ, ಹದ್ದೊಂದು ಸೈಕಲ್ ಕಲಿತ ಹಾಗೆ ಕಾಣುತ್ತಿತ್ತು. ಬಂಡೆಯ ಮೇಲೆ ಬಿಸಿಲು ಕಾಯುತ್ತಿದ್ದ ದನಗಾಹಿಯೊಬ್ಬ ಎದ್ದು ನಿಂತು ಕೋಲೆತ್ತಿ ಕೇಕೆ ಹಾಕಿದ. ಏರಿನಲ್ಲಿ ಮೊದಲು ಕಾಲಿನ ಬೆರಳುಗಳು ಹೋದವು, ಆಮೇಲೆ ಕಿವಿ, ಆಮೇಲೆ ಗಲ್ಲ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳಬೇಕಾಯಿತು. ಬಾಟಲಿಯ ನೀರು ಕಲ್ಲಾಗಿತ್ತು. ಜೇಬಿನಲ್ಲಿದ್ದ ಕರಿದ ಹಿಟ್ಟಿನ ಉಂಡೆಗಳನ್ನು ತಿನ್ನಲು ಹಲ್ಲು ಸಾಲದು, ಸುತ್ತಿಗೆ ಬೇಕು. ಆದರೂ ತುಳಿದ. ಮನಸ್ಸಿನಲ್ಲೇ ಚಿಕ್ಕಪ್ಪನ ಮಾತುಗಳನ್ನು ಜೋಡಿಸುತ್ತ ತುಳಿದ: ತಪ್ಪಾಯಿತು ಎನ್ನಬೇಕು. ಅತ್ತೆಯ ಸಮಾಧಿಗೆ ಮೊದಲು ಹೋಗಿ ಕಲ್ಲಿಡಬೇಕು. ಗಾಳಿಯ ಸುದ್ದಿ ಎತ್ತಕೂಡದು.

ನಡುವಿನ ಇಳಿಜಾರಿನಲ್ಲಿ ಬಿಸಿಲಿಗೆ ಹಿಮ ಕರಗಿ ರಸ್ತೆ ಕಪ್ಪಗೆ ಹೊಳೆಯುತ್ತಿತ್ತು. ಕರಗಿದಷ್ಟೂ ಅವನ ಎದೆ ಒಡೆಯಿತು, ಒಡೆದಷ್ಟೂ ಜೋರಾಗಿ ಬಿಟ್ಟ. ತಿರುವಿನಲ್ಲಿ ಗಾಳಿ ಕಂಬಳಿಯ ಅಂಚನ್ನು ಕೆಳಗೆಳೆದು ಚೈನಿನ ಬಾಯಿಗೆ ಕೊಟ್ಟಿತು. ಯಾರೋ ಹಿಂದಿನಿಂದ ಕುತ್ತಿಗೆಪಟ್ಟಿ ಹಿಡಿದು ಎಳೆದಂತಾಯಿತು. ಸೆಖೋಬೆ ಒಂದು ಕಡೆ, ಟೋಪಿ ಇನ್ನೊಂದು ಕಡೆ. ಕಂಬಳಿ ಮಾತ್ರ ಸೈಕಲ್ಲನ್ನು ಬಿಡಲಿಲ್ಲ.

ಬಿಡಿಸಲು ನೋಡಿದ. ಒದ್ದೆಯಾದ ಉಣ್ಣೆ ಹಲ್ಲುಚಕ್ರಕ್ಕೂ ಅಚ್ಚಿಗೂ ಸುತ್ತಿಕೊಂಡು, ಅವನು ನೋಡನೋಡುತ್ತಲೇ ಹೆಪ್ಪುಗಟ್ಟಿ ಕಬ್ಬಿಣವಾಯಿತು. ಬೆರಳುಗಳು ತನ್ನವಲ್ಲ ಎಂಬಂತೆ ಜಾರುತ್ತಿದ್ದವು. ಕಣಿವೆಯ ಆಚೆಯಿಂದ, ಬಹಳ ದೂರದಿಂದ, ಟ್ರಾಕ್ಟರಿನ ಗುಡುಗುಡು ಕೇಳಿಸಿತು. ಚೀಲದಿಂದ ಉಣ್ಣೆಯ ಕತ್ತರಿ ತೆಗೆದ. ಸಾವಿರ ಕುರಿಗಳನ್ನು ನೋಯಿಸದೆ ಬೋಳಿಸಿದ ಕತ್ತರಿ. ಒಂದು ಗಳಿಗೆ ಹಾಗೇ ಹಿಡಿದುಕೊಂಡು ಕೂತಿದ್ದು, ಆಮೇಲೆ ಕತ್ತರಿಸಿದ. ಅರ್ಧ ಕಂಬಳಿ ಚಕ್ರದಲ್ಲೇ ಉಳಿಯಿತು. ಕೈಗೆ ಬಂದ ಅರ್ಧ ಚೈನಿನ ಜಿಡ್ಡು ಮೆತ್ತಿ, ಸೀಳಿ, ಕುರಿಮರಿಗೂ ಹೊದಿಸಲು ಬಾರದಂತಿತ್ತು. ಅದನ್ನು ಹ್ಯಾಂಡಲಿಗೆ ಸುತ್ತಿ, ತಿರುಗದ ಹಿಂದಿನ ಚಕ್ರವನ್ನು ಎಳೆಯುತ್ತ ತ್ಲಾಯೆಂಗ್ ಘಾಟಿಯ ಏರು ನಡೆದ.

ತುದಿ ಮುಟ್ಟಿದಾಗ ಟ್ರಾಕ್ಟರು ಆಗಲೇ ದಾಟಿ ಹೋಗುತ್ತಿತ್ತು. ಅದರ ಬೆನ್ನಿಗೆ ಫಾಕೋನ ಟ್ಯಾಕ್ಸಿ ಕರಗಿದ ಹಿಮ ಸಿಡಿಸುತ್ತ ಬಂತು. ಸೆಖೋಬೆ ರಸ್ತೆಗೆ ಅಡ್ಡ ನಿಂತ. ಫಾಕೋ ಬ್ರೇಕು ಒತ್ತಿ, ಕಿಟಕಿ ಇಳಿಸಿದ.

"ಅಯ್ಯೋ ನಮ್ಮ ಬೆಟ್ಟದ ಹುಲಿ! ಇದೇನೋ, ನಿನ್ನ ತುಪ್ಪಳ ಯಾರು ಬೋಳಿಸಿದ್ರು?"

ಹಿಂದಿನ ಸೀಟುಗಳಲ್ಲಿ ನಗು ಎದ್ದಿತು. ಮುಂದಿನ ಸೀಟಿನಲ್ಲಿ ಕೆನೆವೆ ಕೂತಿದ್ದಳು. ತಲೆಯಲ್ಲಿ ಈಗಷ್ಟೇ ಅರ್ಧ ಬೆರಳಷ್ಟು ಕೂದಲು ಬಂದಿತ್ತು. ಮೈಮೇಲೆ ಮದುವೆಯಲ್ಲಿ ಸೊಸೆ ಎಂಬ ಗುರುತಿಗೆ ಅವನ ಮನೆಯವರು ಹೊದಿಸಿದ ಕಂಬಳಿ, ಕಂದು ಬಣ್ಣದ್ದು, ಮೆಕ್ಕೆಜೋಳದ ತೆನೆಗಳ ಚಿತ್ತಾರದ್ದು. ಅವಳು ಗಂಡನ ಬರಿಯ ಭುಜ ನೋಡಿದಳು, ಚಕ್ರದಲ್ಲಿ ಸಿಕ್ಕಿದ ನೀಲಿ ಉಣ್ಣೆ ನೋಡಿದಳು.

"ಒಬ್ಬರೇ ಬಂದ್ರಾ?"

"ಇಲ್ಲ, ಚಿಕ್ಕಪ್ಪ ಇದಾರೆ. ಕೆಳಗೆ."

"ಕೆಳಗೆ ಎಲ್ಲಿ?"

"ಮಾಂಫೋ ಮನೇಲಿ."

"ಬಿಳಿ ಬಾವುಟ ಹಾರ್ತಿತ್ತು ಅನ್ನಿ!" ಎಂದು ಹಿಂದಿನಿಂದ ಯಾರೋ ಹೇಳಿದರು. ಮತ್ತೆ ನಗು. ಕೆನೆವೆ ನಗಲಿಲ್ಲ. ಕಾಯುತ್ತಿದ್ದಳು. ಫಾಕೋ ಕೂಡ ಸ್ಟೇರಿಂಗಿನ ಮೇಲೆ ಕೈಯಿಟ್ಟು ಕಾಯುತ್ತಿದ್ದ.

ಸೆಖೋಬೆ ಬಾಯಿ ತೆರೆದ. ದಾರಿಯುದ್ದ ಜೋಡಿಸಿಟ್ಟ ಮಾತುಗಳು ಗಂಟಲವರೆಗೆ ಬಂದವು. ತುಟಿಗಳು ಮರಗಟ್ಟಿದ್ದವು, ಎಲ್ಲರ ಕಣ್ಣೂ ಅವನ ಮೇಲಿತ್ತು.

"ಆ ತಿರುವಲ್ಲಿ ಗಾಳಿ ಇತ್ತಲ್ಲ," ಎಂದ. "ಗಾಳಿ ಅಲ್ಲ ಅದು. ಕಂಬಳಿ ಹಿಡಿದು ಎಳೀತು. ನಾನು ಈ ಕಡೆಯಿಂದ ಎಳೆದೆ. ಅದು ಆ ಕಡೆಯಿಂದ..."

ಒಮ್ಮೆ ಶುರುವಾದ ಮೇಲೆ ಕತೆ ತಾನೇ ನಡೆಯಿತು. ಗಾಳಿಗೆ ಕೈಕಾಲು ಬಂದವು, ಸೈಕಲ್ಲು ಕಣಿವೆಯ ಅಂಚಿನಲ್ಲಿ ಒಂದೇ ಚಕ್ರದ ಮೇಲೆ ನಿಂತಿತು, ಕತ್ತರಿ ಮಿಂಚಿತು. ಫಾಕೋ ಇಂಜಿನ್ ಆರಿಸಿ ಕೇಳಿದ. ಹಿಂದಿನವರು ಸೀಟಿನ ಮೇಲೆ ಬಾಗಿ ಕೇಳಿದರು, ಒಬ್ಬ ಮುದುಕಿ ಬೊಚ್ಚುಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅಷ್ಟು ಚೆನ್ನಾಗಿ ಅವನು ಯಾವ ಹೆಂಡದ ಮನೆಯಲ್ಲೂ ಹೇಳಿರಲಿಲ್ಲ. ಹೇಳುತ್ತಿದ್ದಂತೆಯೇ, ಮತ್ತೆ ಅದೇ ತಪ್ಪು ಮಾಡುತ್ತಿದ್ದೇನೆ ಎಂದು ಅವನಿಗೆ ತಿಳಿಯಿತು, ಆದರೆ ಇಳಿಜಾರಿನಲ್ಲಿ ಬ್ರೇಕು ಹಿಡಿಯದ ಸೈಕಲ್ಲಿನ ಹಾಗೆ ಬಾಯಿ ಕೊನೆಯವರೆಗೂ ಹೋಗಿಯೇ ನಿಂತಿತು.

ಕೆನೆವೆ ಒಂದು ಮಾತೂ ಬಿಡದೆ ಕೇಳಿದಳು.

"ಮುಗೀತಾ?"

ಅವನು ತಲೆಯಾಡಿಸಿದ.

ಅವಳು ಎದೆಯ ಮೇಲಿನ ಪಿನ್ನು ಬಿಚ್ಚಿದಳು. ಕಂಬಳಿಯನ್ನು ಮೈಯಿಂದ ಇಳಿಸಿ, ತೊಡೆಯ ಮೇಲೆ ನಾಲ್ಕು ಮಡಿಕೆ ಮಾಡಿ, ಕಿಟಕಿಯಿಂದ ಹೊರಗೆ ಹಿಡಿದಳು. ಕೆಳಗೆ ಅವಳು ಹೊಸ ಜಾಕೆಟ್ಟು ತೊಟ್ಟಿದ್ದಳು, ಪಟ್ಟಣದವರು ತೊಡುವಂಥದ್ದು.

"ತಗೊಳ್ಳಿ. ಚಳಿ ಇದೆ."

"ಕೆನೆವೆ..."

"ಪಿನ್ನೂ ಅದರಲ್ಲೇ ಇದೆ. ಚುಚ್ಚೀತು, ನೋಡ್ಕೊಳ್ಳಿ."

ಫಾಕೋ ಕೀಲಿ ತಿರುಗಿಸಿದ. ಟ್ಯಾಕ್ಸಿ ಪಶ್ಚಿಮದ ಇಳಿಜಾರಿನಲ್ಲಿ ತಿರುವು ತಿರುವಾಗಿ ಇಳಿದು, ಚಿಕ್ಕದಾಗುತ್ತ, ಮಾಂಫೋ ಮನೆಯ ಕಡೆಗೆ, ಅಲ್ಲಿಂದಾಚೆಗೆ ಹೋಯಿತು. ಶಬ್ದ ಹೋದ ಮೇಲೂ ಸ್ವಲ್ಪ ಹೊತ್ತು ಕರಗಿದ ನೀರು ರಸ್ತೆಯಂಚಿನಲ್ಲಿ ಹರಿಯುವುದು ಕೇಳಿಸುತ್ತಿತ್ತು.

ಘಾಟಿಯ ನೆತ್ತಿಯಿಂದ ಎರಡೂ ಕಡೆಗೆ ಇಳಿಜಾರೇ. ಸೆಖೋಬೆ ಕಂಬಳಿ ಬಿಡಿಸಿ ಹೊದ್ದುಕೊಂಡ. ಬೆರಣಿ ಹೊಗೆಯ ವಾಸನೆ ಇನ್ನೂ ಇತ್ತು, ಅವಳ ಮೈಯ ಬಿಸಿ ಇನ್ನೂ ಇತ್ತು. ಅವನ ಎತ್ತರಕ್ಕೆ ಅದು ಮಂಡಿಯವರೆಗೂ ಬರಲಿಲ್ಲ. ಪಿನ್ನು ಚುಚ್ಚಿಕೊಂಡು, ಸೈಕಲ್ಲನ್ನು ಎತ್ತಿ ನಿಲ್ಲಿಸಿದ, ಚಕ್ರ ತಿರುಗದೆ ಹತ್ತುವಂತಿರಲಿಲ್ಲ. ಒಂದು ಕೈಯಲ್ಲಿ ಹ್ಯಾಂಡಲು ಹಿಡಿದು, ಇನ್ನೊಂದು ಕೈಯಲ್ಲಿ, ಹೊಳೆ ದಾಟುವ ಹೆಂಗಸು ಸೆರಗೆತ್ತಿಕೊಳ್ಳುವ ಹಾಗೆ, ಕಂಬಳಿಯ ಅಂಚನ್ನು ಚೈನಿನಿಂದ ದೂರಕ್ಕೆ ಎತ್ತಿ ಹಿಡಿದುಕೊಂಡು ನಡೆಯತೊಡಗಿದ.